ಹಬ್ ಮೋಟಾರಿಗೆ ಎಷ್ಟು ವೋಲ್ಟಿನ ಬ್ಯಾಟರಿ? ವೇಗದಿಂದ ಲೆಕ್ಕ ಶುರು ಮಾಡಿ

ಸೈಕಲ್‌ಗೆ ಹಬ್ ಮೋಟಾರ್ (ಚಕ್ರದ ನಡುವೆಯೇ ಇರುವ ವಿದ್ಯುತ್ ಮೋಟಾರ್) ಕೂರಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ. 36 ವೋಲ್ಟ್ ತಗೊಳ್ಳಲಾ, 48 ತಗೊಳ್ಳಲಾ? ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: "48 ತಗೊಳ್ಳಿ, ಪವರ್ ಜಾಸ್ತಿ." ಉತ್ತರ ಬಹಳ ಸಲ ಸರಿಯಾಗಿಯೇ ಇರುತ್ತದೆ. ಕೊಟ್ಟ ಕಾರಣ ಮಾತ್ರ ತಪ್ಪು. ಆ ತಪ್ಪು ಕಾರಣವನ್ನು ನಂಬಿ ಕಂಟ್ರೋಲರ್ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಅಳೆದು ಬಿಡುವ ಪೆಟ್ಟಿಗೆ), ಚಾರ್ಜರ್, ಬ್ಯಾಟರಿ ಕೊಂಡರೆ ಒಂದಕ್ಕೊಂದು ಹೊಂದದ ಸಾಮಾನುಗಳ ರಾಶಿ ಮನೆ ಸೇರುತ್ತದೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಚಕ್ರ ಎಷ್ಟು ಜೋರಾಗಿ ಸುತ್ತಬಲ್ಲದು ಅನ್ನುವುದನ್ನು ವೋಲ್ಟ್ ತೀರ್ಮಾನಿಸುತ್ತದೆ. ಎಷ್ಟು ಬಲವಾಗಿ ಎಳೆಯಬಲ್ಲದು ಅನ್ನುವುದು ಆಂಪ್ ಕೆಲಸ. ಎಷ್ಟು ದೂರ ಹೋಗಬಹುದು ಅನ್ನುವುದು ವ್ಯಾಟ್‌ಅವರ್ ಲೆಕ್ಕ, ಅಂದರೆ ಬ್ಯಾಟರಿಯಲ್ಲಿ ತುಂಬಿರುವ ಒಟ್ಟು ಶಕ್ತಿ (ವೋಲ್ಟ್ ಮತ್ತು ಆಂಪ್‌ಅವರ್ ಗುಣಿಸಿದ್ದು). ಪವರ್ ಅಂದರೆ ವೋಲ್ಟ್ ಮತ್ತು ಆಂಪ್ ಗುಣಿಸಿದ್ದು. 36 ವೋಲ್ಟಿಗೆ 20 ಆಂಪ್ ಕೊಡುವ ಕಂಟ್ರೋಲರ್ ಬ್ಯಾಟರಿಯಿಂದ ಎಳೆಯುವುದು 720 ವ್ಯಾಟ್. 48 ವೋಲ್ಟಿಗೆ 15 ಆಂಪ್ ಕೊಡುವುದೂ ಅಷ್ಟೇ 720 ವ್ಯಾಟ್. ಎರಡರಲ್ಲೂ ಪವರ್ ಒಂದೇ. ಹಾಗಾಗಿ "ಪವರ್ ಬೇಕು, ಅದಕ್ಕೆ ಜಾಸ್ತಿ ವೋಲ್ಟ್" ಅನ್ನುವುದನ್ನು ಪಕ್ಕಕ್ಕಿಟ್ಟು, ಎಷ್ಟು ವೇಗ ಬೇಕು ಅನ್ನುವಲ್ಲಿಂದ ಶುರು ಮಾಡಿ.

ಹಂತ 1: ಎಷ್ಟು ವೇಗ ಬೇಕು, ಪ್ರಾಮಾಣಿಕವಾಗಿ ಹೇಳಿ

"ಆದಷ್ಟು ಜಾಸ್ತಿ" ಅನ್ನುವ ಉತ್ತರ ನಡೆಯುವುದಿಲ್ಲ. ಯಾಕೆ ಅಂತ ಒಂದು ಲೆಕ್ಕದಲ್ಲಿ ನೋಡಿ. ಸವಾರ, ಸೈಕಲ್, ಬ್ಯಾಟರಿ ಎಲ್ಲ ಸೇರಿ 110 ಕೆ.ಜಿ. ಅಂತಿಟ್ಟುಕೊಳ್ಳೋಣ. ನೆಟ್ಟಗೆ ಕೂತು, ಗಾಳಿಯಿಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಹೋಗಲು ಚಕ್ರಕ್ಕೆ ಸುಮಾರು 180 ವ್ಯಾಟ್ ಬೇಕು. ಅದೇ ರಸ್ತೆಯಲ್ಲಿ 40 ಕಿ.ಮೀ. ಹೋಗಲು ಸುಮಾರು 600 ವ್ಯಾಟ್ ಬೇಕು. ವೇಗ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಯಿತು, ಪವರ್ ಮೂರು ಪಟ್ಟು ದಾಟಿತು. ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನದ ಲೆಕ್ಕದಲ್ಲಿ ಏರುವುದೇ ಇದಕ್ಕೆ ಕಾರಣ.

ಮೋಟಾರು ಮತ್ತು ಕಂಟ್ರೋಲರಿನಲ್ಲಿ ಆಗುವ ನಷ್ಟ ಸೇರಿಸಿದರೆ, ಪೆಡಲ್ ತುಳಿಯದೆ ಹೋಗುವಾಗ 25ರ ವೇಗದಲ್ಲಿ ಕಿಲೋಮೀಟರಿಗೆ 9ರಿಂದ 10 ವ್ಯಾಟ್‌ಅವರ್ ಖರ್ಚಾಗುತ್ತದೆ. 40ರ ವೇಗದಲ್ಲಿ 18-19. ಅಂದರೆ ಅದೇ ಬ್ಯಾಟರಿಯಲ್ಲಿ ಅರ್ಧ ದೂರ. ಜೊತೆಗೆ ಬ್ರೇಕು, ಟೈರು, ಫೋರ್ಕು ಎಲ್ಲ ಇರುವುದು ಸೈಕಲ್‌ನವು. ರಿಮ್ ಹಿಡಿಯುವ ಬ್ರೇಕ್ ಇರುವ ಸೈಕಲ್‌ನಲ್ಲಿ ಒದ್ದೆ ರಸ್ತೆಯ ಮೇಲೆ 40ರಿಂದ ನಿಲ್ಲಿಸುವುದು ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ.

ಕಾನೂನನ್ನೂ ಇಲ್ಲೇ ನೋಡಿಕೊಳ್ಳಿ. ಯುರೋಪಿನ ಒಕ್ಕೂಟದಲ್ಲಿ ಸೈಕಲ್ ಅನ್ನಿಸಿಕೊಳ್ಳಲು ಮೋಟಾರಿನ ನಿರಂತರ ಪವರ್ 250 ವ್ಯಾಟ್ ಮೀರಬಾರದು, ವೇಗ 25 ಕಿ.ಮೀ. ಮುಟ್ಟಿದಾಗ ಮೋಟಾರಿನ ನೆರವು ನಿಲ್ಲಬೇಕು. ಭಾರತದ ಮಿತಿಯೂ 250 ವ್ಯಾಟ್, 25 ಕಿ.ಮೀ. ಆಸುಪಾಸಿನಲ್ಲೇ ಇದೆ. ಅಮೆರಿಕದ ಕೇಂದ್ರ ಕಾನೂನು 750 ವ್ಯಾಟ್, ಗಂಟೆಗೆ 20 ಮೈಲಿ ಅನ್ನುತ್ತದೆ. ಅದು ದಾಟಿದರೆ ನಿಮ್ಮದು ಮೋಟಾರು ವಾಹನ. ನೋಂದಣಿ, ಲೈಸೆನ್ಸ್, ವಿಮೆಯ ಪ್ರಶ್ನೆಗಳು ಹಿಂದೆಯೇ ಬರುತ್ತವೆ.

ಹಂತ 2: ಮೋಟಾರಿನ ಸುತ್ತು ಎಣಿಸಿ

ಮೋಟಾರಿಗೆ ತನ್ನದೇ ಒಂದು ಅನುಪಾತ ಇರುತ್ತದೆ: ಒಂದು ವೋಲ್ಟಿಗೆ ನಿಮಿಷಕ್ಕೆ ಇಷ್ಟು ಸುತ್ತು. ಒಳಗೆ ತಂತಿ ಹೇಗೆ ಸುತ್ತಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ. ಕೊಂಡ ಮೇಲೆ ಬದಲಾಗುವುದಿಲ್ಲ. ಗೇರಿಲ್ಲದ ಸೈಕಲ್ ಇದ್ದ ಹಾಗೆ, ಒಂದೇ ಗೇರಿನಲ್ಲಿ ಎಲ್ಲ ರಸ್ತೆಯನ್ನೂ ನಿಭಾಯಿಸಬೇಕು. ಅದಕ್ಕೇ ಒಂದೇ ಮಾದರಿಯ ಮೋಟಾರನ್ನು ಬೇರೆ ಬೇರೆ ವೈಂಡಿಂಗ್‌ನಲ್ಲಿ ಮಾರುತ್ತಾರೆ. 36 ವೋಲ್ಟಿನಲ್ಲಿ ನಿಮಿಷಕ್ಕೆ 201 ಸುತ್ತು, 260 ಸುತ್ತು, 328 ಸುತ್ತು, ಹೀಗೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ.

ಲೆಕ್ಕ ಸುಲಭ. ಸುತ್ತಿನ ಸಂಖ್ಯೆಯನ್ನು ಚಕ್ರದ ಸುತ್ತಳತೆಯಿಂದ ಗುಣಿಸಿ, 60ರಿಂದ ಗುಣಿಸಿ, 1000ದಿಂದ ಭಾಗಿಸಿ. 26 ಇಂಚಿನ ಚಕ್ರದ ಸುತ್ತಳತೆ ಟೈರ್ ಸೇರಿ ಹೆಚ್ಚುಕಡಿಮೆ 2.07 ಮೀಟರ್. 20 ಇಂಚಿನದು ಸುಮಾರು 1.55 ಮೀಟರ್. ನಿಮ್ಮ ಟೈರಿನದು ಬೇಕಿದ್ದರೆ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಟೇಪಿನಲ್ಲಿ ಅಳೆದುಬಿಡಿ.

260 ಸುತ್ತಿನ ಮೋಟಾರ್ 26 ಇಂಚಿನ ಚಕ್ರದಲ್ಲಿದ್ದರೆ 36 ವೋಲ್ಟಿಗೆ 32 ಕಿ.ಮೀ. ಆಗುತ್ತದೆ. ಇದು ಚಕ್ರ ಗಾಳಿಯಲ್ಲಿ ತಿರುಗುವಾಗಿನ ವೇಗ. ಸವಾರ ಕೂತು ರಸ್ತೆಗಿಳಿದರೆ ಇದರ ಸುಮಾರು 80 ಶೇಕಡಾ ಸಿಗುತ್ತದೆ, ಅಂದರೆ 26. ಅದೇ ಮೋಟಾರಿಗೆ 48 ವೋಲ್ಟ್ ಕೊಟ್ಟರೆ ಗಾಳಿಯಲ್ಲಿ 43, ರಸ್ತೆಯಲ್ಲಿ 34. ಈಗ 201 ಸುತ್ತಿನ ಮೋಟಾರ್ ತೆಗೆದುಕೊಳ್ಳಿ. 36 ವೋಲ್ಟಿನಲ್ಲಿ ರಸ್ತೆ ವೇಗ 20. ತುಂಬ ಜನಕ್ಕೆ ಇದು ನಿಧಾನ ಅನ್ನಿಸುತ್ತದೆ. 48 ಕೊಟ್ಟರೆ 26-27. ಗಮನಿಸಿದಿರಾ? ನಿಧಾನದ ವೈಂಡಿಂಗ್‌ಗೆ 48 ಮತ್ತು ವೇಗದ ವೈಂಡಿಂಗ್‌ಗೆ 36, ಎರಡೂ ನಿಮ್ಮನ್ನು ಒಂದೇ ವೇಗಕ್ಕೆ ತಂದು ನಿಲ್ಲಿಸುತ್ತವೆ. ಬರೀ "48 ವೋಲ್ಟ್ ಕಿಟ್" ಅನ್ನುವ ಮಾತಿನಿಂದ ಗಾಡಿ ಎಷ್ಟು ಓಡುತ್ತದೆ ಅಂತ ತಿಳಿಯುವುದಿಲ್ಲ. ಮಾರುವವರನ್ನು ಕೇಳಬೇಕಾದದ್ದು ಇಷ್ಟೇ: ಎಷ್ಟು ವೋಲ್ಟಿನಲ್ಲಿ ಎಷ್ಟು ಸುತ್ತು? ಅದಕ್ಕೆ ಉತ್ತರ ಕೊಡದವರ ಹತ್ತಿರ ಮೋಟಾರ್ ಕೊಳ್ಳಬೇಡಿ.

ಮೋಟಾರ್ ಆಗಲೇ ಕೈಯಲ್ಲಿದ್ದು, ಅದರ ಮೇಲೆ ಏನೂ ಬರೆದಿಲ್ಲವಾ? ಅಳೆದುಕೊಳ್ಳಬಹುದು. ಯಾರಾದರೂ ಗೆಳೆಯರ ಹತ್ತಿರ ಹೊಂದುವ ಬ್ಯಾಟರಿ, ಕಂಟ್ರೋಲರ್ ಇದ್ದರೆ ಜೋಡಿಸಿ. ಮೋಟಾರ್ ಇರುವ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ. ಡಿಸ್‌ಪ್ಲೇಯಲ್ಲಿ ವೇಗದ ಮಿತಿ ಇಟ್ಟಿದ್ದರೆ ತೆಗೆಯಿರಿ, ಇಲ್ಲದಿದ್ದರೆ ನೀವು ಅಳೆಯುವುದು ಆ ಮಿತಿಯನ್ನೇ. ಚಕ್ರದ ಅಳತೆ ಸರಿಯಾಗಿ ತುಂಬಿ. ಈಗ ಥ್ರಾಟಲ್ ಪೂರ್ತಿ ತಿರುಗಿಸಿ, ವೇಗ ಏರುವುದು ನಿಂತ ಮೇಲೆ ಓದಿ. ಅದೇ ಕ್ಷಣದಲ್ಲಿ ಬ್ಯಾಟರಿಯ ವೋಲ್ಟನ್ನು ಮಲ್ಟಿಮೀಟರಿನಲ್ಲಿ ನೋಡಿ. ಉದಾಹರಣೆಗೆ 39.5 ವೋಲ್ಟ್ ಇದ್ದಾಗ 31 ಕಿ.ಮೀ. ಬಂತು ಅನ್ನಿ. 31ನ್ನು 39.5ರಿಂದ ಭಾಗಿಸಿದರೆ ವೋಲ್ಟಿಗೆ 0.785 ಕಿ.ಮೀ. 48ರಿಂದ ಗುಣಿಸಿದರೆ 37.7, ಅದರ 80 ಶೇಕಡಾ ಅಂದರೆ 30. ಆ ಮೋಟಾರಿಗೆ, ಆ ಚಕ್ರದಲ್ಲಿ, 48 ವೋಲ್ಟ್ ಹಾಕಿದರೆ ರಸ್ತೆಯಲ್ಲಿ 30ರ ಹತ್ತಿರ ಸಿಗುತ್ತದೆ. ಬ್ಯಾಟರಿ ಕೊಳ್ಳುವ ಮೊದಲೇ ಇದು ಗೊತ್ತಾಗುವುದು ದೊಡ್ಡ ಅನುಕೂಲ.

ಹಂತ 3: ದಿಬ್ಬ ಇದೆಯಾ?

ದಿನಾ ಹೋಗುವ ದಾರಿಯಲ್ಲಿ ಏರು ಇದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು.

ಅದೇ 110 ಕೆ.ಜಿ. ಹೊತ್ತು 8 ಶೇಕಡಾ ಏರನ್ನು 15 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 420 ವ್ಯಾಟ್ ಬೇಕು. 26 ಇಂಚಿನ ಚಕ್ರದಲ್ಲಿ ಅದು 33 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ. ಸಣ್ಣ ಗೇರ್ ಹಬ್‌ಗಳಿಗೆ (ಒಳಗೆ ಗೇರು ಇರುವ ಹಬ್ ಮೋಟಾರುಗಳಿಗೆ) ಇದು ಹೆಚ್ಚುಕಡಿಮೆ ಕೊನೆಯ ಹಂತದ ದುಡಿಮೆ.

ಟಾರ್ಕ್ ಹುಟ್ಟುವುದು ಮೋಟಾರಿನ ತಂತಿಯಲ್ಲಿ ಹರಿಯುವ ಕರೆಂಟಿನಿಂದ. ತಂತಿ ಬಿಸಿಯಾಗುವುದು ಆ ಕರೆಂಟಿನ ವರ್ಗದ ಲೆಕ್ಕದಲ್ಲಿ. ಎರಡು ಪಟ್ಟು ಎಳೆತಕ್ಕೆ ನಾಲ್ಕು ಪಟ್ಟು ಬಿಸಿ. ಇಲ್ಲೊಂದು ನಂಬಿಕೆ ಬಹಳ ಕಡೆ ಓಡಾಡುತ್ತಿದೆ: "48 ಹಾಕಿದರೆ ಆಂಪ್ ಕಮ್ಮಿ, ಮೋಟಾರ್ ತಣ್ಣಗಿರುತ್ತದೆ." ಆಂಪ್ ಕಮ್ಮಿಯಾಗುವುದು ಬ್ಯಾಟರಿಯಿಂದ ಕಂಟ್ರೋಲರ್‌ವರೆಗಿನ ತಂತಿಯಲ್ಲಿ. ಕಂಟ್ರೋಲರಿನಿಂದ ಮೋಟಾರಿಗೆ ಹೋಗುವ ಮೂರು ದಪ್ಪ ತಂತಿಗಳಲ್ಲಿ ಹರಿಯುವುದು ಬೇರೆಯೇ ಕರೆಂಟ್. ನಿಧಾನಕ್ಕೆ ಹೋಗುವಾಗ ಅದು ಬ್ಯಾಟರಿ ಕರೆಂಟಿಗಿಂತ ಎಷ್ಟೋ ಜಾಸ್ತಿ ಇರುತ್ತದೆ. ಅದೇ ಮೋಟಾರಿನಿಂದ, ಅದೇ ದಿಬ್ಬದಲ್ಲಿ, ಅದೇ ಎಳೆತ ಬೇಕು ಅಂದರೆ ಆ ಮೂರು ತಂತಿಗಳ ಕರೆಂಟ್ ಬ್ಯಾಟರಿ 36 ಇದ್ದರೂ ಒಂದೇ, 48 ಇದ್ದರೂ ಒಂದೇ. ಬಿಸಿಯೂ ಒಂದೇ.

ಹಾಗಾದರೆ ದಿಬ್ಬದವರಿಗೆ ವೋಲ್ಟಿನಿಂದ ಏನೂ ಉಪಯೋಗ ಇಲ್ಲವಾ? ಇದೆ, ಆದರೆ ನೇರವಾಗಿ ಅಲ್ಲ. ಕಂಟ್ರೋಲರ್ ಮೋಟಾರಿಗೆ ಬಿಡುವ ಕರೆಂಟಿಗೆ ಒಂದು ಮಿತಿ ಇರುತ್ತದೆ. ಅಷ್ಟೇ ಕರೆಂಟಿಗೆ ನಿಧಾನದ ವೈಂಡಿಂಗ್ ಹೆಚ್ಚು ಟಾರ್ಕ್ ಕೊಡುತ್ತದೆ. ಅದರ ಒಂದೇ ಕೊರತೆ ಅಂದರೆ ಸಮತಟ್ಟಿನಲ್ಲಿ ವೇಗ ಸಾಲದು. ಆ ಕೊರತೆಯನ್ನು 48 ವೋಲ್ಟ್ ತುಂಬುತ್ತದೆ. ಅದಕ್ಕೇ ಏರು ಜಾಸ್ತಿ ಇರುವವರಿಗೆ ನಾನು ಹೇಳುವುದು 201 ಸುತ್ತಿನಂಥ ನಿಧಾನದ ಮೋಟಾರಿಗೆ 48. ವೇಗದ ಮೋಟಾರಿಗೆ 48 ಹಾಕಿ ದಿಬ್ಬ ಹತ್ತಲು ಹೋಗಬೇಡಿ. ಚಕ್ರ ಚಿಕ್ಕದಿದ್ದರೆ ಇನ್ನೂ ಒಳ್ಳೆಯದು, ಅದೇ ಟಾರ್ಕಿಗೆ ಎಳೆತ ಜಾಸ್ತಿ ಸಿಗುತ್ತದೆ. ಏರಿನಲ್ಲಿ ಸುಮ್ನೆ ಕೂರದೆ ಪೆಡಲ್ ತುಳಿಯಿರಿ. ನೀವು ಕೊಡುವ 100 ವ್ಯಾಟ್ ಆ 420ರಲ್ಲಿ ಕಾಲು ಭಾಗದ ಹತ್ತಿರ.

ಹಂತ 4: ಬರೆದ ವೋಲ್ಟ್ ಬೇರೆ, ಇರುವ ವೋಲ್ಟ್ ಬೇರೆ

"48 ವೋಲ್ಟ್" ಅನ್ನುವುದು ಹೆಸರು. ಆ ಪ್ಯಾಕ್ ಸರಿಯಾಗಿ 48ರಲ್ಲಿ ಇರುವುದು ಯಾವುದೋ ಒಂದು ಹೊತ್ತಿನಲ್ಲಿ. ಒಳಗಿನ ಪ್ರತಿ ಲಿಥಿಯಂ ಅಯಾನ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಸರಾಸರಿ 3.6, ಖಾಲಿಯಾದಾಗ ಸುಮಾರು 3. ಎಷ್ಟು ಸೆಲ್ ಸಾಲಾಗಿ ಜೋಡಿಸಿದ್ದಾರೆ ಅನ್ನುವುದರ ಮೇಲೆ ಪ್ಯಾಕಿನ ಅಂಕಿ ಬರುತ್ತದೆ. ಇದನ್ನು ಎಸ್ ಅಂತ ಬರೆಯುತ್ತಾರೆ.

36 ವೋಲ್ಟ್: 10ಎಸ್, ತುಂಬಿದಾಗ 42, ಖಾಲಿಯಾದಾಗ 30ರ ಹತ್ತಿರ.
48 ವೋಲ್ಟ್: 13ಎಸ್, ತುಂಬಿದಾಗ 54.6, ಖಾಲಿಯಾದಾಗ 39ರ ಹತ್ತಿರ.
52 ವೋಲ್ಟ್: 14ಎಸ್, ತುಂಬಿದಾಗ 58.8, ಖಾಲಿಯಾದಾಗ 42ರ ಹತ್ತಿರ.
72 ವೋಲ್ಟ್: 20ಎಸ್, ತುಂಬಿದಾಗ 84, ಖಾಲಿಯಾದಾಗ 60ರ ಹತ್ತಿರ.

ಈ ನಾಲ್ಕು ಸಾಲನ್ನು ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಹೆಜ್ಜೆಗೂ ಬೇಕಾಗುತ್ತದೆ. 36 ವೋಲ್ಟಿನ ಬ್ಯಾಟರಿ ಬೆಳಿಗ್ಗೆ 42, ಸಂಜೆ 33. ವೇಗವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ. ಬೆಳಿಗ್ಗೆ 30 ಹೋಗುತ್ತಿದ್ದ ಗಾಡಿ ಸಂಜೆ 24ಕ್ಕೆ ಇಳಿದರೆ ಮೋಟಾರ್ ಕೆಟ್ಟಿತು ಅಂತ ಗಾಬರಿ ಬೇಡ. ಕಾಲ ಕಳೆದ ಬ್ಯಾಟರಿಯಾದರೆ ಥ್ರಾಟಲ್ ತಿರುಗಿಸಿದಾಗ ಇನ್ನಷ್ಟು ಕುಸಿಯುತ್ತದೆ. 52 ಇಷ್ಟು ಜನಪ್ರಿಯ ಆಗಿರುವುದಕ್ಕೆ ಇದೂ ಒಂದು ಕಾರಣ. ಅರ್ಧ ಖಾಲಿಯಾದರೂ 50ರ ಮೇಲೇ ಇರುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಬೇರೆ ಜಾತಿ. ಸೆಲ್‌ಗೆ 3.2 ವೋಲ್ಟ್, ತುಂಬಿದಾಗ 3.65. 48ರ ಹೆಸರಿನಲ್ಲಿ ಸಾಮಾನ್ಯವಾಗಿ 16 ಸೆಲ್ ಇರುತ್ತವೆ, ಅಂದರೆ ನಿಜಕ್ಕೂ 51.2, ತುಂಬಿದಾಗ 58.4. ಹಾಗಾಗಿ ಕಂಟ್ರೋಲರ್ ಆರಿಸುವಾಗ ಇದನ್ನು 52ರ ಗುಂಪಿಗೆ ಸೇರಿಸಿ. ಕೊನೆಯವರೆಗೂ ವೋಲ್ಟ್ ಹೆಚ್ಚು ಇಳಿಯದ ಕಾರಣ ವೇಗ ಒಂದೇ ಸಮ ಇರುತ್ತದೆ. ಬಾಳಿಕೆಯೂ ಚೆನ್ನಾಗಿದೆ, ತೂಕ ಮತ್ತು ಗಾತ್ರ ಜಾಸ್ತಿ. ಎಷ್ಟು ಚಾರ್ಜ್ ಉಳಿದಿದೆ ಅಂತ ವೋಲ್ಟ್ ನೋಡಿ ಹೇಳುವುದು ಮಾತ್ರ ಕಷ್ಟ. ಸೀಸದ ಬ್ಯಾಟರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 12 ವೋಲ್ಟಿನ 12 ಆಂಪ್‌ಅವರ್‌ನವು ಮೂರು ಅಂದರೆ 12 ಕೆ.ಜಿ. ಆಸುಪಾಸು, ಅಷ್ಟು ಭಾರ ಹೊತ್ತರೂ ಬರೆದಷ್ಟು ಆಂಪ್‌ಅವರ್ ಸಿಗುವುದಿಲ್ಲ.

ಹಂತ 5: ಕಂಟ್ರೋಲರ್ ತಡೆದುಕೊಳ್ಳುತ್ತದಾ?

ನಿಜ ಹೇಳಬೇಕೆಂದರೆ ಮೋಟಾರಿಗೆ ವೋಲ್ಟ್ ದೊಡ್ಡ ವಿಷಯವೇ ಅಲ್ಲ. "36 ವೋಲ್ಟ್" ಅಂತ ಕೆತ್ತಿದ ಹಬ್ 48ರಲ್ಲಿ ಆರಾಮಾಗಿ ಓಡುತ್ತದೆ, ಸ್ವಲ್ಪ ಜೋರಾಗಿ ಅಷ್ಟೇ. ಗೇರ್ ಹಬ್ ಆದರೆ ಒಳಗಿನ ನೈಲಾನ್ ಗೇರುಗಳು ವೇಗವಾಗಿ ತಿರುಗಿ ಸವೆತ, ಸದ್ದು ಹೆಚ್ಚಬಹುದು. ಸುಟ್ಟುಹೋಗುವ ಅಪಾಯ ಇರುವುದು ಕಂಟ್ರೋಲರಿಗೆ. ಅದಕ್ಕೆ ಎರಡು ಮಿತಿ ಇವೆ, ಮೇಲೊಂದು ಕೆಳಗೊಂದು.

ಮೇಲಿನ ಮಿತಿಯನ್ನು ಕಣ್ಣಾರೆ ನೋಡಬಹುದು. ಬ್ಯಾಟರಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಅಲ್ಯೂಮಿನಿಯಂ ಪೆಟ್ಟಿಗೆಯ ಒಂದು ಬದಿಯ ಸ್ಕ್ರೂ ತೆಗೆಯಿರಿ. ಒಳಗೆ ಬೋರ್ಡಿನ ಮೇಲೆ ಎದ್ದು ಕಾಣುವ ಉರುಳೆಯಾಕಾರದ ಕೆಪಾಸಿಟರ್ ಒಂದೋ ಎರಡೋ ಇರುತ್ತವೆ. ಅದರ ಮೈಮೇಲೆ 63 ವೋಲ್ಟ್ ಅಂತಲೋ 100 ವೋಲ್ಟ್ ಅಂತಲೋ ಅಚ್ಚಾಗಿರುತ್ತದೆ. ಪೂರ್ತಿ ತುಂಬಿದ ಬ್ಯಾಟರಿಯ ವೋಲ್ಟ್ ಆ ಅಂಕಿಯ ಕೆಳಗೇ ಇರಬೇಕು. 63ರದಕ್ಕೆ 54.6 ಧಾರಾಳ. 58.8ಕ್ಕೂ ನಡೆಯುತ್ತದೆ, ಆದರೆ ಉಳಿಯುವ ಜಾಗ ನಾಲ್ಕೇ ವೋಲ್ಟ್. ಡೈರೆಕ್ಟ್ ಡ್ರೈವ್ (ಒಳಗೆ ಗೇರಿಲ್ಲದ) ಮೋಟಾರಿನಲ್ಲಿ ರೀಜನ್ ಬ್ರೇಕ್, ಅಂದರೆ ಮೋಟಾರಿನಿಂದಲೇ ಬ್ರೇಕ್ ಹಿಡಿದು ಬ್ಯಾಟರಿ ತುಂಬಿಸುವ ಏರ್ಪಾಟು, ಬಳಸುವವರಿಗೆ ಅದು ಸಾಲದು. ತುಂಬಿದ ಬ್ಯಾಟರಿಯೊಂದಿಗೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಮೋಟಾರ್ ಜನರೇಟರ್ ಆಗಿ ವೋಲ್ಟನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) "ಇನ್ನು ಬೇಡ" ಅಂತ ಆ ಹೊತ್ತಿಗೆ ಬಾಗಿಲು ಹಾಕಿದರೆ, ಆ ಕರೆಂಟ್ ಹೋಗಲು ಜಾಗವಿಲ್ಲದೆ ಕಂಟ್ರೋಲರಿನ ಮೇಲೆ ಬೀಳುತ್ತದೆ. ಕೆಪಾಸಿಟರ್ ಜೊತೆಗೆ, ಕಂಟ್ರೋಲರಿನೊಳಗೆ ಕರೆಂಟಿಗೆ ಸ್ವಿಚ್ಚಿನಂತಿರುವ ಮಾಸ್‌ಫೆಟ್‌ಗಳಿಗೂ ತಮ್ಮದೇ ಮಿತಿ ಇದೆ, ಅದೂ ಹೊಂದಬೇಕು.

ಕೆಳಗಿನ ಮಿತಿಯನ್ನು ಜನ ಮರೆಯುತ್ತಾರೆ. ಬ್ಯಾಟರಿ ಬರಿದಾಗದಂತೆ ಕಂಟ್ರೋಲರ್ ಒಂದು ವೋಲ್ಟಿಗೆ ಬಂದಾಗ ಮೋಟಾರನ್ನು ನಿಲ್ಲಿಸುತ್ತದೆ. 48ರ ಕಂಟ್ರೋಲರಿನಲ್ಲಿ ಅದು 40ರ ಆಸುಪಾಸು. ಅದಕ್ಕೆ 36ರ ಬ್ಯಾಟರಿ ಹಾಕಿದರೆ? ತುಂಬಿದಾಗಲೇ 42. ಥ್ರಾಟಲ್ ತಿರುಗಿಸಿದೊಡನೆ ವೋಲ್ಟ್ ಕುಸಿದು ಮೋಟಾರ್ ನಿಂತುಹೋಗುತ್ತದೆ. ತಿರುಗುಮುರುಗಾಗಿ 36ರ ಕಂಟ್ರೋಲರಿಗೆ 48ರ ಬ್ಯಾಟರಿ ಹಾಕಿದರೆ ಓಡುತ್ತದೆ, ಆದರೆ ಅದು ನಿಲ್ಲಿಸುವುದು 30ರ ಹತ್ತಿರ. 13 ಸೆಲ್‌ಗೆ ಹಂಚಿದರೆ ಸೆಲ್‌ಗೆ 2.3 ವೋಲ್ಟ್, ಸೆಲ್ ಹಾಳಾಗುವ ಮಟ್ಟ. ಕಾಪಾಡಲು ಉಳಿಯುವುದು ಬಿಎಂಎಸ್ ಒಂದೇ. ಕಂಟ್ರೋಲರ್ ಮೇಲೆ "36/48" ಎರಡೂ ಇದ್ದರೆ ಸಾಮಾನ್ಯವಾಗಿ ಅದೇ ಗುರುತಿಸಿಕೊಳ್ಳುತ್ತದೆ, ಇಲ್ಲವೇ ಡಿಸ್‌ಪ್ಲೇಯಲ್ಲಿ ಆರಿಸಬೇಕು.

ಹಂತ 6: ದೂರದ ಲೆಕ್ಕ ವ್ಯಾಟ್‌ಅವರಿನಲ್ಲಿ

ಒಂದೇ ಥರದ 3.5 ಆಂಪ್‌ಅವರ್ ಸೆಲ್‌ಗಳಿಂದ ಎರಡು ಪ್ಯಾಕ್ ಕಟ್ಟಿದ್ದಾರೆ ಅನ್ನಿ. ಒಂದರಲ್ಲಿ 50 ಸೆಲ್: ಹತ್ತು ಸಾಲಾಗಿ, ಐದೈದು ಪಕ್ಕಪಕ್ಕ. 36 ವೋಲ್ಟ್, 17.5 ಆಂಪ್‌ಅವರ್, 630 ವ್ಯಾಟ್‌ಅವರ್. ಇನ್ನೊಂದರಲ್ಲಿ 52 ಸೆಲ್: ಹದಿಮೂರು ಸಾಲಾಗಿ, ನಾಲ್ಕು ನಾಲ್ಕು ಪಕ್ಕಪಕ್ಕ. ಹೆಸರಿಗೆ 48, ಸರಾಸರಿ 46.8 ವೋಲ್ಟ್, 14 ಆಂಪ್‌ಅವರ್, 655 ವ್ಯಾಟ್‌ಅವರ್. ಆಂಪ್‌ಅವರ್ ನೋಡಿ ಮೊದಲಿನದು ದೊಡ್ಡದು ಅಂದುಕೊಂಡರೆ ಮೋಸ ಹೋಗುತ್ತೀರಿ. ಒಳಗಿರುವ ಶಕ್ತಿ ಹೆಚ್ಚುಕಡಿಮೆ ಒಂದೇ, ತೂಕವೂ ಒಂದೇ.

ಇನ್ನೂ ಒಂದು ನೋಡಿ. 500 ವ್ಯಾಟ್ ಎಳೆದಾಗ ಮೊದಲ ಪ್ಯಾಕಿನಿಂದ 13.9 ಆಂಪ್ ಹೋಗುತ್ತದೆ. ಐದಕ್ಕೆ ಹಂಚಿದರೆ ಸೆಲ್‌ಗೆ 2.8. ಎರಡನೆಯದರಿಂದ 10.7 ಆಂಪ್, ನಾಲ್ಕಕ್ಕೆ ಹಂಚಿದರೆ 2.7. ಸೆಲ್‌ಗೆ ಬೀಳುವ ಹೊರೆ ಬದಲಾಗಲಿಲ್ಲ. "48 ಅಂದರೆ ಬ್ಯಾಟರಿಗೆ ಆಯಾಸ ಕಮ್ಮಿ" ಅನ್ನುವುದಕ್ಕೆ ಆಧಾರ ಇಲ್ಲ. ಲಾಭ ಆಗುವುದು ತಂತಿ, ಕನೆಕ್ಟರ್, ಬಿಎಂಎಸ್‌ಗೆ. 36ರಲ್ಲಿ ಅವುಗಳ ಬಿಸಿ ಸುಮಾರು 1.7 ಪಟ್ಟು ಜಾಸ್ತಿ.

ಎಷ್ಟು ಬೇಕು ಅಂತ ತಿಳಿಯಲು ದಿನದ ದೂರವನ್ನು ಹಂತ 1ರ ಖರ್ಚಿನಿಂದ ಗುಣಿಸಿ. 30 ಕಿ.ಮೀ., ಕಿಲೋಮೀಟರಿಗೆ 10 ಅಂದರೆ 300 ವ್ಯಾಟ್‌ಅವರ್. ಬ್ಯಾಟರಿ ಮುದಿಯಾಗುವುದು, ಎದುರುಗಾಳಿ, ಪೂರ್ತಿ ಬರಿದು ಮಾಡದಿರುವುದು ಇವಕ್ಕೆಲ್ಲ ಸೇರಿಸಿ 400 ಇಟ್ಟುಕೊಳ್ಳಿ. 36ರಲ್ಲಾದರೆ 11 ಆಂಪ್‌ಅವರ್, 48ರಲ್ಲಾದರೆ ಎಂಟೂವರೆ. ಚೆನ್ನಾಗಿ ಪೆಡಲ್ ತುಳಿಯುವವರಿಗೆ ಕಿಲೋಮೀಟರಿಗೆ 6-7 ಸಾಕು.

ಇದರ ಜೊತೆಗೇ ಬಿಎಂಎಸ್ ನಿರಂತರವಾಗಿ ಎಷ್ಟು ಆಂಪ್ ಕೊಡಬಲ್ಲದು ಅಂತ ಕೇಳಿ. ಕಂಟ್ರೋಲರಿನ ಗರಿಷ್ಠ ಆಂಪಿಗಿಂತ ಅದು ಜಾಸ್ತಿಯೇ ಇರಬೇಕು. 20 ಆಂಪಿನ ಕಂಟ್ರೋಲರಿಗೆ 15 ಆಂಪಿನ ಬ್ಯಾಟರಿ ಜೋಡಿಸಿದರೆ ಸರಿಯಾಗಿ ದಿಬ್ಬದ ನಡುವೆ ಕೈಕೊಡುತ್ತದೆ.

ಹಾಗಾದರೆ ಯಾವುದು ತಗೊಳ್ಳೋದು?

ಸಮತಟ್ಟು ರಸ್ತೆ, 25ರೊಳಗಿನ ವೇಗ, ಪೆಡಲ್ ತುಳಿಯುವ ಮನಸ್ಸು ಇದ್ದರೆ 36 ಸಾಕು. ಜನ ಅದನ್ನು ವಿನಾಕಾರಣ ಕೀಳಾಗಿ ನೋಡುತ್ತಾರೆ. ಏರು ಇದ್ದರೆ, ಸವಾರರು ಭಾರ ಇದ್ದರೆ, ಅಥವಾ ಸಾಮಾನು ಹೊರುವುದಿದ್ದರೆ 48. ಹೊಸದಾಗಿ ಎಲ್ಲ ಒಟ್ಟಿಗೆ ಕೊಳ್ಳುವವರು ಅನುಮಾನದಲ್ಲಿದ್ದರೆ 48ಕ್ಕೇ ಹೋಗಿ, ಮೋಟಾರ್ ಮಾತ್ರ ನಿಧಾನದ್ದು ಆರಿಸಿ. ಕಂಟ್ರೋಲರಿನ ಮೇಲಿನ ಮಿತಿ ನೋಡಿಕೊಂಡವರಿಗೆ 52 ಒಳ್ಳೆಯ ಆಯ್ಕೆ. 72 ಬೇಕು ಅನ್ನುವವರು ಕಟ್ಟುತ್ತಿರುವುದು ಸೈಕಲ್ ಚೌಕಟ್ಟಿನ ಮೋಟಾರ್‌ಬೈಕು. ಚಾರ್ಜ್ ಆದಾಗ 84 ವೋಲ್ಟ್. ನೇರ ವಿದ್ಯುತ್ತಿನಲ್ಲಿ 60 ವೋಲ್ಟನ್ನು ಮುಟ್ಟಿದರೆ ಅಪಾಯವಿಲ್ಲದ ಗಡಿ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ, ಇದು ಅದರ ಆಚೆ. ಮೊದಲ ಪ್ರಯತ್ನಕ್ಕೆ ಇದು ಬೇಡವೇ ಬೇಡ.

ಕೈಯಲ್ಲಿರುವ 36ಕ್ಕೆ ಒಂದು 12 ವೋಲ್ಟಿನ ಬ್ಯಾಟರಿ ಸಾಲಾಗಿ ಸೇರಿಸಿ 48 ಮಾಡುವ ಉಪಾಯವನ್ನೂ ಬಿಟ್ಟುಬಿಡಿ. ಸಣ್ಣದು ಮೊದಲು ಖಾಲಿಯಾಗುತ್ತದೆ. ಒಂದು ಪ್ಯಾಕಿನ ಬಿಎಂಎಸ್ ಕಡಿದಾಗ ಇಡೀ ಸಾಲಿನ ವೋಲ್ಟ್ ಅದರ ಮೇಲೆ ಬರುತ್ತದೆ. ಅದಕ್ಕಾಗಿ ಮಾಡಿದ್ದಲ್ಲ ಅದು.

ಹಂತ 7: ಉಳಿದ ಸಾಮಾನು

ಚಾರ್ಜರ್ ವಿಷಯದಲ್ಲಿ ಉಡಾಫೆ ಬೇಡ. 13ಎಸ್‌ಗೆ 54.6, 14ಎಸ್‌ಗೆ 58.8. ಪ್ಲಗ್ಗು ಎರಡಕ್ಕೂ ಒಂದೇ ಥರ ಇರಬಹುದು, ಸಲೀಸಾಗಿ ಕೂತೂಬಿಡುತ್ತದೆ. 58.8ರ ಚಾರ್ಜರನ್ನು 13ಎಸ್ ಪ್ಯಾಕಿಗೆ ಚುಚ್ಚಿದರೆ ಸೆಲ್‌ಗೆ 4.5 ವೋಲ್ಟ್ ದಾಟಲು ಹೊರಡುತ್ತದೆ. ಬಿಎಂಎಸ್ ತಡೆಯದಿದ್ದರೆ ಬೆಂಕಿ. ತಿರುಗುಮುರುಗಾದರೆ ಬರೀ ಪೂರ್ತಿ ತುಂಬುವುದಿಲ್ಲ ಅಷ್ಟೇ. ಮನೆಯಲ್ಲಿ ಎರಡು ಚಾರ್ಜರ್ ಇದ್ದರೆ ದೊಡ್ಡ ಅಕ್ಷರದಲ್ಲಿ ವೋಲ್ಟ್ ಬರೆದು ಅಂಟಿಸಿ.

ಫ್ಯೂಸ್ ಹಾಕುವವರು ಅದರ ವೋಲ್ಟನ್ನೂ ನೋಡಿ. ಕಾರಿನ ಮಾಮೂಲಿ ಬ್ಲೇಡ್ ಫ್ಯೂಸ್ ಸಾಮಾನ್ಯವಾಗಿ 32 ವೋಲ್ಟಿನದು. 48ರಲ್ಲಿ ಅದು ಕರಗಿದ ಮೇಲೂ ಕಿಡಿ ಹಾರಿ ಕರೆಂಟ್ ಹರಿಯುತ್ತಲೇ ಇರಬಹುದು. ಸ್ವಿಚ್ಚಿಗೂ ಇದೇ ಮಾತು.

ಥ್ರಾಟಲ್, ಬ್ರೇಕ್ ಲಿವರ್, ಪೆಡಲ್ ಸೆನ್ಸರ್‌ಗಳಿಗೆ ಕಂಟ್ರೋಲರಿನಿಂದ 5 ವೋಲ್ಟ್ ಹೋಗುತ್ತದೆ, ಬ್ಯಾಟರಿ ಬದಲಾದರೂ ಅವು ನಡೆಯುತ್ತವೆ. ಬ್ಯಾಟರಿ ಮಟ್ಟ ತೋರಿಸುವ ದೀಪ ಇರುವ ಥ್ರಾಟಲ್, ಬ್ಯಾಟರಿಯಿಂದ ನೇರ ಉರಿಯುವ ಲೈಟು ಮಾತ್ರ ವೋಲ್ಟಿಗೆ ತಕ್ಕಂತೆ ಬೇಕು. 48ಕ್ಕೆ ಹೊಂದಿಸಿದ ಡಿಸ್‌ಪ್ಲೇಗೆ 52 ಹಾಕಿದರೆ ಗೇಜು ಬಹಳ ಹೊತ್ತು ಪೂರ್ತಿ ತೋರಿಸಿ, ಆಮೇಲೆ ದಡಬಡ ಇಳಿಯುತ್ತದೆ. ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಅನ್ನು ಯಾವ ವೋಲ್ಟಿಗೂ ಹಾಕಿ. ಅಲ್ಯೂಮಿನಿಯಂ ಫೋರ್ಕಿನ ಮುಂದಿನ ಚಕ್ರಕ್ಕಂತೂ ಅದಿಲ್ಲದೆ ಕೂರಿಸಲೇಬೇಡಿ.

ಹಂತ 8: ಮೊದಲ ಜೋಡಣೆ, ಮೊದಲ ಸವಾರಿ

ಜೋಡಿಸುವ ಮೊದಲು ಬ್ಯಾಟರಿಯ ತುದಿಯನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ವೋಲ್ಟ್ ಎಷ್ಟಿದೆ, ಪ್ಲಸ್ ಯಾವ ಕಡೆ ಇದೆ, ಎರಡೂ ನೋಡಿ. ಕೆಂಪು ತಂತಿ ಅಂದರೆ ಪ್ಲಸ್ ಅಂತ ನಂಬಬೇಡಿ. ತಿರುಗುಮುರುಗಾದರೆ ಕಂಟ್ರೋಲರ್ ಆ ಕ್ಷಣಕ್ಕೇ ಹೋಗುತ್ತದೆ. ಕನೆಕ್ಟರ್ ಸೇರಿಸುವಾಗ ಟಪ್ ಅಂತ ಕಿಡಿ ಬರುವುದು ಕೆಪಾಸಿಟರ್ ತುಂಬಿಕೊಳ್ಳುವುದರಿಂದ. ವೋಲ್ಟ್ ಏರಿದಷ್ಟೂ ಕಿಡಿ ಜೋರು, ಪಿನ್ನು ಸವೆಯುತ್ತದೆ. 52 ಅಥವಾ ಅದಕ್ಕೂ ಮೇಲಾದರೆ ಒಳಗೇ ರೆಸಿಸ್ಟರ್ ಇರುವ, ಕಿಡಿ ತಡೆಯುವ ಕನೆಕ್ಟರ್ ಹಾಕಿ.

ಮೊದಲು ಚಕ್ರ ಎತ್ತಿ ತಿರುಗಿಸಿ. ಗಾಳಿಯಲ್ಲಿನ ವೇಗ ಹಂತ 2ರ ಲೆಕ್ಕಕ್ಕೆ ಹತ್ತಿರ ಇದ್ದರೆ ಹೊರಡಿ. ಡಿಸ್‌ಪ್ಲೇಯಲ್ಲಿ ವೋಲ್ಟ್ ಕಾಣುವಂತೆ ಇಟ್ಟುಕೊಳ್ಳಿ. ನಿಂತಾಗಿನ ವೋಲ್ಟ್, ಪೂರ್ತಿ ಥ್ರಾಟಲ್ ಕೊಟ್ಟಾಗಿನ ವೋಲ್ಟ್, ಎರಡನ್ನೂ ಹೋಲಿಸಿ. 15 ಆಂಪ್ ಎಳೆದಾಗ ಒಂದೂವರೆ ಎರಡು ವೋಲ್ಟ್ ಇಳಿದರೆ ಚಿಂತೆಯಿಲ್ಲ. ಮೂರ್ನಾಲ್ಕು ಇಳಿದರೆ ಆ ಬ್ಯಾಟರಿ ಈ ಕಂಟ್ರೋಲರಿಗೆ ಚಿಕ್ಕದು, ಇಲ್ಲವೇ ಹಳೆಯದು. ಚಾರ್ಜ್ ಕಾಲು ಭಾಗಕ್ಕೆ ಇಳಿದಾಗ ಅದೇ ಏರಿನಲ್ಲಿ ಇನ್ನೊಮ್ಮೆ ನೋಡಿ. ಆಗ ಮೋಟಾರ್ ಕಟ್ ಆಗಿ ಆಗಿ ಬರುತ್ತಿದ್ದರೆ ಕಂಟ್ರೋಲರಿನ ಸೆಟ್ಟಿಂಗ್‌ನಲ್ಲಿ ಗರಿಷ್ಠ ಆಂಪನ್ನು ಮೂರ್ನಾಲ್ಕು ಇಳಿಸಿ. ಎಳೆತ ಸ್ವಲ್ಪ ತಗ್ಗುತ್ತದೆ, ದಾರಿಯ ಮಧ್ಯೆ ನಿಲ್ಲುವುದು ತಪ್ಪುತ್ತದೆ.